ಕೇರೆಹಾವು: ಅದರ ಮನೆ, ಊಟ ಮತ್ತು ಬೆಳವಣಿಗೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸರೆಯಲ್ಲಿರುವ ಸೀಮೆ. ಇಲ್ಲಿ ಮುಗಿಲಿನಿಂದ ಬೀಳುವ ಮಳೆ ಕಡಮೆ. ಆದರೆ ಹೊಳೆಯಿಂದಲೂ ಕಾಲುವೆಯಿಂದಲೂ ಬಾವಿಯಿಂದಲೂ ಬರುವ ನೀರು ಎರೆಹೊಲಗಳನ್ನು ಕಬ್ಬಿನ ತೋಟಗಳನ್ನಾಗಿ ಮಾರ್ಪಡಿಸಿದೆ. ಮಹಾಲಿಂಗಪುರದ ಬೆಲ್ಲದ ಹೆಸರನ್ನು ಕೇಳದವರು ವಿರಳ. ಸುಗ್ಗಿಯ ಕಾಲದಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಸಾಲನ್ನು ಈ ದಾರಿಗಳಲ್ಲಿ ನೋಡದವರೂ ವಿರಳವೇ. ಒಮ್ಮೆ ನಾಟಿದ ಕಬ್ಬು ಸುಮಾರು ಒಂದು ವರ್ಷ ಹೊಲದಲ್ಲಿ ನಿಲ್ಲುತ್ತದೆ. ಕಡಿದ ಮೇಲೆ ಅದೇ ಬುಡದಿಂದ ಕುಳೆ ಕಬ್ಬು ಏಳುತ್ತದೆ. ವರ್ಷವಿಡೀ ನೆರಳು, ತಂಪು, ಸಿಹಿಯಾದ ಆಹಾರ ದೊರೆಯುವಾಗ ಇಲಿ ಹೆಗ್ಗಣಗಳಿಗೆ ಇದಕ್ಕಿಂತ ಒಳ್ಳೆಯ ಬೀಡು ಬೇರೆ ಬೇಕೆ? ಇಲಿಗಳಿರುವಲ್ಲಿಗೆ ಅವನ್ನು ತಿನ್ನುವ ಹಾವುಗಳೂ ಬರುತ್ತವೆ. ಅವುಗಳಲ್ಲಿ ದೊಡ್ಡದೂ, ಹಗಲಿನಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳತಕ್ಕದ್ದೂ, ವಿಷವಿಲ್ಲದ್ದೂ ಆದುದು ಕೇರೆಹಾವು.

ಕೇರೆಯು ರೈತನ ಮಿತ್ರನೆಂದು ಶಾಲೆಯ ಪುಸ್ತಕಗಳಲ್ಲಿ ಓದಿರುತ್ತೇವೆ. ಆದರೂ ಹೊಲದಲ್ಲಿ ಅದು ಸರ್ರನೆ ಹರಿದಾಗ ನಮ್ಮ ಕೈ ಮೊದಲು ಹುಡುಕುವುದು ಬಡಿಗೆಯನ್ನೇ. ಮಿತ್ರನೆಂದು ಹೇಳಿಬಿಟ್ಟರೆ ಸಾಲದು. ಆ ಮಿತ್ರನು ಎಲ್ಲಿ ಹುಟ್ಟುತ್ತಾನೆ, ಏನನ್ನು ತಿಂದು ಬೆಳೆಯುತ್ತಾನೆ, ಎಂಥ ಮನೆಯಲ್ಲಿ ಬಾಳುತ್ತಾನೆ ಎಂಬುದನ್ನೂ ತಿಳಿದಿರಬೇಕು. ಈ ಲೇಖನದಲ್ಲಿ ಅದನ್ನೇ ವಿಚಾರಮಾಡೋಣ.

ಇಬ್ಬರು ಬಂಧುಗಳು

ಸ್ವತಂತ್ರವಾಗಿ ಹೊಲದಲ್ಲಿ ಹರಿದಾಡುವ ಹಾವಿನ ಊಟ ಉಪಚಾರಗಳನ್ನು ದಿನದಿನವೂ ಲೆಕ್ಕವಿಡುವುದು ಸುಲಭವಲ್ಲ. ಅದೃಷ್ಟವಶಾತ್ ಕೇರೆಯ ದೂರದ ಬಂಧುವೊಂದು ಮನುಷ್ಯನ ಮನೆಯಲ್ಲಿಯೇ ಬೆಳೆದು, ಹಾವಿನ ಜೀವನಕ್ರಮವನ್ನು ನಮಗೆ ತೋರಿಸಿಕೊಟ್ಟಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ ‘ಕಾರ್ನ್ ಸ್ನೇಕ್’ ಎಂಬ ಹಾವುಂಟು. ಕಾರ್ನ್ ಎಂದರೆ ನಾವು ಗೋವಿನಜೋಳವೆನ್ನುವ ಮೆಕ್ಕೆಜೋಳ. ತೆನೆಗಳನ್ನು ಕೂಡಿಡುವ ಕಣಜಗಳಲ್ಲಿ ಇಲಿಗಳನ್ನು ಹುಡುಕಿಕೊಂಡು ಈ ಹಾವು ಕಾಣಿಸಿಕೊಳ್ಳುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಅದರ ಹೊಟ್ಟೆಯ ಮೇಲಿನ ಕಪ್ಪು ಬಿಳಿ ಚೌಕಗಳು ಬಣ್ಣಬಣ್ಣದ ಜೋಳದ ಕಾಳುಗಳನ್ನು ಹೋಲುವುದೂ ಹೆಸರಿಗೆ ಕಾರಣವಾಗಿರಬಹುದು. ಮೈಮೇಲೆ ಕಿತ್ತಳೆ ಮತ್ತು ಕೆಂಪು ಮಚ್ಚೆಗಳುಳ್ಳ ಈ ಸೌಮ್ಯ ಪ್ರಾಣಿಯನ್ನು ಅಮೆರಿಕೆಯಲ್ಲಿಯೂ ಯೂರೋಪಿನಲ್ಲಿಯೂ ಸಾವಿರಾರು ಜನರು ಗಿಳಿಯನ್ನೋ ಬೆಕ್ಕನ್ನೋ ಸಾಕುವಂತೆ ಸಾಕುತ್ತಾರೆ.

ನಮ್ಮ ಕೇರೆಗೆ ಪ್ರಾಣಿಶಾಸ್ತ್ರದಲ್ಲಿ ‘ಪ್ಟಿಯಾಸ್ ಮ್ಯುಕೋಸ’ ಎಂದು ಹೆಸರು. ಇವೆರಡೂ ‘ಕೊಲುಬ್ರಿಡೇ’ ಎಂಬ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು. ಇಬ್ಬರೂ ವಿಷವಿಲ್ಲದವರು, ಇಬ್ಬರೂ ಮೊಟ್ಟೆಯಿಡುವವರು, ಇಬ್ಬರಿಗೂ ಇಲಿ ಎಂದರೆ ಇಷ್ಟ. ಆದರೆ ಸ್ವಭಾವದಲ್ಲಿ ಅಂತರವುಂಟು. ಜೋಳದ ಹಾವು ಸಾಮಾನ್ಯವಾಗಿ ಮೂರರಿಂದ ಐದು ಅಡಿ ಬೆಳೆಯುವ, ಕೈಗೆ ಒಗ್ಗುವ, ಹೆಚ್ಚಾಗಿ ಮಬ್ಬುಗತ್ತಲೆಯಲ್ಲಿ ಹೊರಡುವ ಪ್ರಾಣಿ. ಕೇರೆಯು ಆರು ಅಡಿಯನ್ನು ಸಲೀಸಾಗಿ ಮುಟ್ಟುತ್ತದೆ. ಹತ್ತು ಅಡಿಯನ್ನು ಮೀರಿದ ಕೇರೆಗಳೂ ದೊರೆತಿವೆ. ಅದು ಹಗಲಿನಲ್ಲಿ ಸಂಚರಿಸುವ, ಮಹಾ ವೇಗದ, ಬಂಧನವನ್ನು ಸಹಿಸದ ಹಾವು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೇರೆಯನ್ನು ಹಿಡಿದು ಮನೆಯಲ್ಲಿಡುವುದೂ, ಕೊಲ್ಲುವುದೂ, ಅದರ ಚರ್ಮವನ್ನು ಮಾರುವುದೂ ಅಪರಾಧ. ವಿದೇಶದ ಹಾವನ್ನು ತರಿಸಿ ಸಾಕುವುದಕ್ಕೂ ಪರವಾನಗಿಯ ಕಟ್ಟಳೆಗಳುಂಟು. ಅವು ಸುಮ್ಮನೆ ಹುಟ್ಟಿದವಲ್ಲ. ಸಾಕಿದವರ ಕೈತಪ್ಪಿಯೋ ಸರಕಿನೊಡನೆ ಸಾಗಿಯೋ ಹೋದ ಜೋಳದ ಹಾವುಗಳು ಕೆರಿಬಿಯನ್ ಸಮುದ್ರದ ಕೆಲವು ದ್ವೀಪಗಳಲ್ಲಿ ನೆಲೆಯೂರಿ, ಅಲ್ಲಿನ ಸಣ್ಣ ಪ್ರಾಣಿಗಳಿಗೆ ಕಂಟಕವಾಗಿವೆ. ಆದುದರಿಂದ ಹಾವನ್ನು ಪೆಟ್ಟಿಗೆಯಲ್ಲಿ ಸಾಕುವ ಉಪಾಯವನ್ನು ಕಲಿಸುವುದು ನಮ್ಮ ಉದ್ದೇಶವಲ್ಲ. ಪೆಟ್ಟಿಗೆಯ ಹಾವಿಗೆ ಯಜಮಾನನು ಏನೇನನ್ನು ಒದಗಿಸಬೇಕಾಗುತ್ತದೆ ಎಂಬುದನ್ನು ನೋಡಿ, ಅದೆಲ್ಲವನ್ನೂ ನಮ್ಮ ಹೊಲದ ಬದು ಪುಕ್ಕಟೆಯಾಗಿ ಹೇಗೆ ಒದಗಿಸುತ್ತಿದೆ ಎಂಬುದನ್ನು ಅರಿಯುವುದೇ ಉದ್ದೇಶ.

ಒಲೆಯಿಲ್ಲದ ಮೈ

ಹಾವಿನ ಮನೆ ಹೇಗಿರಬೇಕೆಂಬುದನ್ನು ತಿಳಿಯುವ ಮೊದಲು ಅದರ ಮೈಯ ಗುಣವನ್ನು ತಿಳಿಯಬೇಕು. ಹಸು, ನಾಯಿ, ಇಲಿ, ಮನುಷ್ಯ ಇವರೆಲ್ಲರ ಮೈಯೊಳಗೆ ಒಂದು ಒಲೆ ಸದಾ ಉರಿಯುತ್ತಿರುತ್ತದೆ. ಉಂಡ ಅನ್ನದ ಬಹುಭಾಗ ಆ ಒಲೆಗೆ ಸೌದೆಯಾಗುತ್ತದೆ. ಹಾವಿಗೆ ಈ ಒಲೆಯಿಲ್ಲ. ಬಿಸಿಲಿನಿಂದಲೋ ಬೆಚ್ಚನೆಯ ಕಲ್ಲಿನಿಂದಲೋ ಅದು ಶಾಖವನ್ನು ಎರವಲು ಪಡೆಯುತ್ತದೆ. ಹೆಚ್ಚಾದಾಗ ನೆರಳಿಗೆ ಸರಿದು ಇಳಿಸಿಕೊಳ್ಳುತ್ತದೆ. ಶೀತರಕ್ತದ ಪ್ರಾಣಿ ಎಂಬ ಮಾತಿಗೆ ಅದರ ರಕ್ತ ಯಾವಾಗಲೂ ತಣ್ಣಗಿರುತ್ತದೆ ಎಂದು ಅರ್ಥವಲ್ಲ. ಶಾಖವು ಹೊರಗಿನಿಂದ ಬರಬೇಕು ಎಂದಷ್ಟೇ ಅರ್ಥ.

ಈ ಕಾರಣದಿಂದ ಜೋಳದ ಹಾವನ್ನು ಸಾಕುವವರು ಪೆಟ್ಟಿಗೆಯ ಒಂದು ತುದಿಯನ್ನು 28ರಿಂದ 31 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗೂ, ಇನ್ನೊಂದು ತುದಿಯನ್ನು 22ರಿಂದ 25 ಡಿಗ್ರಿಯಷ್ಟು ತಂಪಾಗಿಯೂ ಇಡುತ್ತಾರೆ. ಎರಡು ತುದಿಗಳಲ್ಲಿಯೂ ಅಡಗಲು ಒಂದೊಂದು ಗೂಡು ಇರಬೇಕು. ಒಂದೇ ಗೂಡನ್ನಿಟ್ಟರೆ, ಅಂಜುಬುರುಕನಾದ ಹಾವು ಶಾಖ ಬೇಕಾದಾಗಲೂ ತಂಪಿನಲ್ಲಿಯೇ ಮುದುಡಿ ಕುಳಿತು ಕಾಯಿಲೆ ಬೀಳುತ್ತದೆ. ಬೆಚ್ಚನೆಯ ಜಾಗ ದೊರೆಯದೆ ಹೋದರೆ ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಕೊಳೆಯಲಾರಂಭಿಸಿ, ಹಾವು ಅದನ್ನು ಕಕ್ಕಿಬಿಡುತ್ತದೆ. ಇದಲ್ಲದೆ ಕುಡಿಯಲು ಸದಾ ಶುದ್ಧವಾದ ನೀರು, ಭದ್ರವಾದ ಮುಚ್ಚಳ, ಮತ್ತು ಒಂದು ಪೆಟ್ಟಿಗೆಗೆ ಒಂದೇ ಹಾವು ಎಂಬ ನಿಯಮ, ಇವಿಷ್ಟೂ ಅವಶ್ಯಕ. ಎರಡು ಮರಿಗಳನ್ನು ಒಟ್ಟಿಗಿಟ್ಟರೆ ಒಂದು ಇನ್ನೊಂದನ್ನು ನುಂಗುವುದೂ ಉಂಟು.

ಈಗ ನಮ್ಮ ಹೊಲದ ಕಡೆ ತಿರುಗೋಣ. ಚೈತ್ರ ವೈಶಾಖಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿಯ ಸುಮಾರಿಗೆ ಏರುತ್ತದೆ. ಅಂಥ ಬಿಸಿಲಿನಲ್ಲಿ ಬಯಲಾದ ನೆಲದ ಮೇಲೆ ಸಿಕ್ಕಿಬಿದ್ದ ಹಾವು ಅಲ್ಪಕಾಲದಲ್ಲಿಯೇ ಸಾಯುತ್ತದೆ. ಏಕೆಂದರೆ ಎರವಲು ಶಾಖದ ಪ್ರಾಣಿಗೆ ಬೆವರಿ ತಣಿಯುವ ಶಕ್ತಿಯಿಲ್ಲ. ಪುಷ್ಯಮಾಸದ ರಾತ್ರಿಗಳಲ್ಲಾದರೋ ಚಳಿ ಅದನ್ನು ಜಡಗೊಳಿಸುತ್ತದೆ. ಎರಡರಿಂದಲೂ ಅದನ್ನು ಉಳಿಸುವುದು ನೆಲದೊಳಗಿನ ಬಿಲ. ಕೆಲವು ಅಡಿ ಆಳದಲ್ಲಿ ಮಣ್ಣಿನ ಉಷ್ಣತೆ ಹಗಲು ರಾತ್ರಿಗಳ ನಡುವೆ ಬಹಳ ವ್ಯತ್ಯಾಸವಾಗುವುದಿಲ್ಲ. ಕೇರೆ ತಾನಾಗಿ ಬಿಲ ತೋಡಲಾರದು. ಇಲಿ ತೋಡಿದ ಬಿಲ, ಗೆದ್ದಲು ಕಟ್ಟಿದ ಹುತ್ತ, ಬಾವಿಯ ಕಟ್ಟಡದ ಕಲ್ಲುಸಂದಿ, ಹಳೆಯ ಮರದ ಬುಡ ಇವೇ ಅದರ ಮನೆಗಳು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ಗಾದೆಯಲ್ಲಿ ಪ್ರಕೃತಿಯ ಒಂದು ಸತ್ಯವಡಗಿದೆ. ಬದುವಿನ ಮೇಲೆ ಬಿಸಿಲು, ಬದುವಿನ ಒಳಗೆ ತಂಪು, ಬದುವಿನ ಪಕ್ಕದಲ್ಲಿ ಕಾಲುವೆಯ ನೀರು. ಪೆಟ್ಟಿಗೆಯ ಯಜಮಾನನು ದೀಪ, ತಟ್ಟೆ, ಗೂಡುಗಳಿಂದ ಮಾಡುವ ಏರ್ಪಾಡೆಲ್ಲ ಒಂದು ಗೇಣು ಅಗಲದ ಹುಲ್ಲುಬದುವಿನಲ್ಲಿ ತಾನಾಗಿಯೇ ಸಿದ್ಧವಾಗಿರುತ್ತದೆ.

ಮೊಟ್ಟೆಯೊಳಗಿನ ಬುತ್ತಿ

ಕೇರೆಯು ಸಾಮಾನ್ಯವಾಗಿ ಹತ್ತರ ಸುಮಾರು ಮೊಟ್ಟೆಗಳನ್ನಿಡುತ್ತದೆ. ಕೋಳಿಯ ಮೊಟ್ಟೆಯಂತೆ ಇವಕ್ಕೆ ಗಡುಸಾದ ಚಿಪ್ಪಿಲ್ಲ. ತೊಗಲಿನಂಥ ಮೆತ್ತನೆಯ ಹೊದಿಕೆ. ಆ ಹೊದಿಕೆಯ ಮೂಲಕ ನೀರು ಒಳಹೊರಗೆ ಸಂಚರಿಸಬಲ್ಲದು. ಒಣನೆಲದಲ್ಲಿಟ್ಟರೆ ಮೊಟ್ಟೆ ಬತ್ತಿ ಕುಗ್ಗುತ್ತದೆ. ನೀರು ನಿಂತರೆ ಒಳಗಿನ ಜೀವ ಉಸಿರುಗಟ್ಟಿ ಸಾಯುತ್ತದೆ. ಆದುದರಿಂದ ತೇವವುಂಟು ಆದರೆ ಕೆಸರಿಲ್ಲ, ಬೆಚ್ಚಗುಂಟು ಆದರೆ ಬಿಸಿಲಿಲ್ಲ ಎನ್ನತಕ್ಕ ಜಾಗವನ್ನು ತಾಯಿ ಹುಡುಕುತ್ತದೆ. ಕೊಳೆತ ಸೊಪ್ಪು, ತಿಪ್ಪೆಯ ಅಂಚು, ಇಲಿಯ ಹಳೆಯ ಬಿಲ, ಕಬ್ಬಿನ ರವದಿಯ ಕೆಳಗಿನ ಮೆತ್ತನೆಯ ನೆಲ ಇದಕ್ಕೆ ಒಪ್ಪುತ್ತವೆ.

ಸುಮಾರು ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಮರಿಯ ಮೂತಿಯ ತುದಿಯಲ್ಲಿ ಸಣ್ಣದೊಂದು ಹಲ್ಲಿದ್ದು, ಅದರಿಂದ ಮೊಟ್ಟೆಯ ಹೊದಿಕೆಯನ್ನು ಸೀಳಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಆ ಹಲ್ಲು ಉದುರಿಹೋಗುತ್ತದೆ. ಕೇರೆಯ ಮರಿ ಹುಟ್ಟುವಾಗಲೇ ಒಂದರಿಂದ ಒಂದೂವರೆ ಅಡಿ ಉದ್ದವಿರುತ್ತದೆ. ಜೋಳದ ಹಾವಿನ ಮರಿ ಇನ್ನೂ ಚಿಕ್ಕದು. ಅದರ ತೂಕ ಆರೆಂಟು ಗ್ರಾಂ ಮಾತ್ರ. ಮರಿ ಹುಟ್ಟಿದ ಕೂಡಲೇ ಊಟಕ್ಕೆ ಹಾತೊರೆಯುವುದಿಲ್ಲ. ಮೊಟ್ಟೆಯ ಹಳದಿಯ ಕೊನೆಯ ಭಾಗವನ್ನು ಬುತ್ತಿಯಂತೆ ಹೊಟ್ಟೆಯಲ್ಲಿ ಕಟ್ಟಿಕೊಂಡೇ ಬಂದಿರುತ್ತದೆ. ಸುಮಾರು ಒಂದು ವಾರ ಅಥವಾ ಹತ್ತು ದಿನಗಳಲ್ಲಿ ಮೊದಲ ಪೊರೆಯನ್ನು ಬಿಟ್ಟು, ಆನಂತರವೇ ಬೇಟೆಗೆ ತೊಡಗುತ್ತದೆ. ತಾಯಿಯ ಲಾಲನೆ ಪಾಲನೆಗಳು ಅದಕ್ಕಿಲ್ಲ. ಅಂದಿನಿಂದ ಅದರ ಬದುಕು ಅದರದೇ.

ಬಾಯಿಗೆ ತಕ್ಕ ತುತ್ತು

ಹಾವಿನ ಊಟದ ವಿಚಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು: ಹಾವಿಗೆ ಅಗಿಯಲು ಬರುವುದಿಲ್ಲ. ಅದರ ಹಲ್ಲುಗಳು ಹಿಂದಕ್ಕೆ ಬಾಗಿದ ಕೊಕ್ಕೆಗಳು. ಹಿಡಿಯಲು ಅನುಕೂಲವೇ ಹೊರತು ತುಂಡರಿಸಲು ಅಲ್ಲ. ಆದುದರಿಂದ ಬೇಟೆಯನ್ನು ಇಡಿಯಾಗಿ ನುಂಗಬೇಕು. ಇದಕ್ಕೆ ತಕ್ಕಂತೆ ಅದರ ದವಡೆಯ ರಚನೆ ಆಶ್ಚರ್ಯಕರವಾಗಿದೆ. ನಮ್ಮ ಕೆಳದವಡೆಯ ಎಡಬಲ ಭಾಗಗಳು ಗದ್ದದಲ್ಲಿ ಎಲುಬಿನಿಂದ ಬೆಸೆದುಕೊಂಡಿವೆ. ಹಾವಿನಲ್ಲಿ ಅವೆರಡನ್ನೂ ಹಿಗ್ಗುವ ನಾರೊಂದು ಮಾತ್ರ ಕೂಡಿಸಿರುತ್ತದೆ. ಎಡಭಾಗ ಬೇಟೆಯನ್ನು ಹಿಡಿದಿರುವಾಗ ಬಲಭಾಗ ಮುಂದೆ ಸರಿಯುತ್ತದೆ. ಬಲಭಾಗ ಹಿಡಿದಾಗ ಎಡಭಾಗ ಮುಂದೆ ಸರಿಯುತ್ತದೆ. ಹೀಗೆ ಹಾವು ಬೇಟೆಯ ಮೇಲೆ ತನ್ನ ಬಾಯನ್ನು ಕಾಲುಚೀಲದಂತೆ ಏರಿಸಿಕೊಳ್ಳುತ್ತಾ ಹೋಗುತ್ತದೆ. ಬಾಯಿ ತುಂಬ ಆಹಾರವಿರುವಾಗ ಉಸಿರು ಕಟ್ಟದಂತೆ ಶ್ವಾಸನಾಳದ ತುದಿಯನ್ನು ಮುಂದಕ್ಕೆ ಚಾಚಿಕೊಳ್ಳುವ ಸೌಕರ್ಯವೂ ಉಂಟು.

ಎಷ್ಟೇ ಹಿಗ್ಗಿದರೂ ಬಾಯಿಗೆ ಒಂದು ಮಿತಿಯಿದೆ. ಸಾಕುವವರ ಅನುಭವದ ನಿಯಮವೆಂದರೆ, ಹಾವಿನ ಮೈಯ ಅತ್ಯಂತ ದಪ್ಪವಾದ ಭಾಗದಷ್ಟೇ, ಅಥವಾ ಅದಕ್ಕಿಂತ ತುಸು ಹೆಚ್ಚು ದಪ್ಪದ ಬೇಟೆ ಸರಿಯಾದುದು. ಆದ್ದರಿಂದ ಜೋಳದ ಹಾವಿನ ಮರಿಗೆ ಕೊಡುವುದು ಕೂದಲೂ ಮೂಡದ, ಎರಡು ಗ್ರಾಮಿನ ಸುಮಾರಿನ ಹಸುಗೂಸು ಚಿಟ್ಟಿಲಿ. ಅದೂ ಐದು ಅಥವಾ ಏಳು ದಿನಕ್ಕೊಂದು ಮಾತ್ರ. ಹಾವು ಬೆಳೆದಂತೆ ಕೂದಲು ಮೂಡುತ್ತಿರುವ ಮರಿ, ಬಳಿಕ ನೆಗೆದಾಡುವ ಮರಿ, ಎರಡು ಮೂರು ವರ್ಷಗಳಲ್ಲಿ ಪೂರ್ಣ ಬೆಳೆದಾಗ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ದೊಡ್ಡ ಚಿಟ್ಟಿಲಿ. ತುತ್ತು ದೊಡ್ಡದಾಗುತ್ತದೆ, ಊಟದ ನಡುವಣ ಕಾಲವೂ ದೊಡ್ಡದಾಗುತ್ತದೆ. ಜೀವವಿರುವ ಇಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟರೆ ಅದೇ ಹಾವನ್ನು ಕಚ್ಚಿ ಗಾಯಗೊಳಿಸಬಹುದಾದ್ದರಿಂದ, ಮೊದಲೇ ಕೊಂದು ಹಿಮದಲ್ಲಿಟ್ಟುದನ್ನು ಕರಗಿಸಿ ಕೊಡುವುದು ವಾಡಿಕೆ. ಉಂಡ ಮೇಲೆ ಎರಡು ದಿನ ಹಾವನ್ನು ಮುಟ್ಟಬಾರದು.

ಈ ಲೆಕ್ಕದಿಂದ ಒಂದು ಸ್ವಾರಸ್ಯವಾದ ಸಂಗತಿ ಹೊರಡುತ್ತದೆ. ಬೆಳೆದ ಜೋಳದ ಹಾವು ಒಂದು ವರ್ಷಕ್ಕೆ ಮೂವತ್ತರ ಸುಮಾರು ಚಿಟ್ಟಿಲಿಗಳನ್ನು ತಿನ್ನುತ್ತದೆಂದೂ, ಒಂದರ ತೂಕ 30 ಗ್ರಾಂ ಎಂದೂ ಇಟ್ಟುಕೊಂಡರೆ, ಅದರ ವರ್ಷದ ಊಟ ಒಂದು ಕಿಲೋಗ್ರಾಮಿಗೂ ಕಡಮೆ! ಕಾಲು ಕಿಲೋ ತೂಕದ ಇಲಿಯೊಂದು ದಿನಕ್ಕೆ 20 ಗ್ರಾಂ ಕಾಳು ತಿಂದರೂ ವರ್ಷಕ್ಕೆ ಏಳು ಕಿಲೋಗ್ರಾಮಿಗೆ ಮೀರುತ್ತದೆ. ಒಲೆಯುಳ್ಳ ಮೈಗೂ ಒಲೆಯಿಲ್ಲದ ಮೈಗೂ ಇರುವ ಅಂತರ ಇದೇ. ಆದುದರಿಂದ ಒಂದು ಕೇರೆ ಹೊಲದ ಇಲಿಗಳನ್ನೆಲ್ಲ ತಿಂದು ಮುಗಿಸುತ್ತದೆಂದು ಯಾರಾದರೂ ಹೇಳಿದರೆ ಅದು ಅತಿಶಯೋಕ್ತಿ. ಕೇರೆಯ ಉಪಯೋಗವಿರುವುದು ಬೇರೆ ಎರಡು ಕಾರಣಗಳಿಂದ. ಸ್ವಲ್ಪದರಲ್ಲಿಯೇ ಬದುಕುವ ಪ್ರಾಣಿಯಾದ್ದರಿಂದ ಒಂದೇ ತೋಟದಲ್ಲಿ ಹಲವು ಕೇರೆಗಳು ಬಾಳಬಹುದು. ಮತ್ತು ಗೂಬೆ, ಬೆಕ್ಕು, ಮುಂಗುಸಿಗಳು ಬಿಲದ ಬಾಯಲ್ಲಿ ಕಾಯಬೇಕಾದರೆ, ಹಾವು ಬಿಲದೊಳಕ್ಕೇ ಇಳಿಯಬಲ್ಲದು. ಹೆಗ್ಗಣವು ಒಂದೊಂದು ಸೂಲಿಗೆ ಹಲವಾರು ಮರಿಗಳನ್ನು ಹಾಕುತ್ತದೆ. ಕಣ್ಣು ತೆರೆಯದ ಆ ಮರಿಗಳನ್ನು ತೊಟ್ಟಿಲಿನಲ್ಲಿಯೇ ತಿಂದು ಮುಗಿಸಿದ ಕೇರೆಯು, ಮುಂದೆ ಅವು ಕಬ್ಬಿನ ಬುಡವನ್ನು ಕಡಿಯುವುದನ್ನೂ, ಮತ್ತೆ ಮರಿಗಳನ್ನು ಹಾಕುವುದನ್ನೂ ಒಮ್ಮೆಗೇ ತಡೆದಂತಾಯಿತು.

ಆದರೆ ಕೇರೆಯ ಮರಿಗೆ ಇಲಿ ನುಂಗುವ ಬಾಯಿ ಇರುವುದಿಲ್ಲ. ಪೆಟ್ಟಿಗೆಯ ಮರಿಗೆ ಯಜಮಾನನು ಹಸುಗೂಸು ಇಲಿಯನ್ನು ತಂದುಕೊಡುತ್ತಾನೆ; ಹೊಲದ ಮರಿಗೆ ಕೊಡುವವರು ಯಾರು? ಅದು ಬದುಕುವುದು ಮುಖ್ಯವಾಗಿ ಸಣ್ಣ ಕಪ್ಪೆಗಳಿಂದ ಮತ್ತು ಹಲ್ಲಿಯಂಥ ಪ್ರಾಣಿಗಳಿಂದ. ಬೆಳೆದ ಕೇರೆಯ ಆಹಾರದಲ್ಲಿಯೂ ಕಪ್ಪೆಗಳ ಪಾಲು ದೊಡ್ಡದೇ. ಇಲ್ಲಿ ಗಮನಿಸತಕ್ಕ ತತ್ತ್ವವೊಂದುಂಟು. ಕಾಲುವೆಯ ಅಂಚಿನಲ್ಲಿ ಕಪ್ಪೆಗಳಿಲ್ಲದೆ ಹೋದರೆ, ಹೊಲದಲ್ಲಿ ಎಷ್ಟೇ ಇಲಿಗಳಿದ್ದರೂ ಕೇರೆಯ ಮರಿ ಹಸಿವಿನಿಂದ ಸಾಯುತ್ತದೆ. ಮರಿಯೇ ಉಳಿಯದಿದ್ದ ಮೇಲೆ ಇಲಿ ಹಿಡಿಯುವ ದೊಡ್ಡ ಕೇರೆ ಎಲ್ಲಿಂದ ಬರಬೇಕು? ಮೇಲ್ತರಗತಿಗಳಿಗೆಲ್ಲ ಮೇಷ್ಟರುಗಳಿದ್ದು ಮೊದಲ ತರಗತಿಯನ್ನೇ ಮುಚ್ಚಿದ ಶಾಲೆಯಂತೆ ಆ ಹೊಲದ ಸ್ಥಿತಿ. ಹಾವು ಬೆಳೆಯಬೇಕಾದರೆ ಅದರ ಪ್ರತಿಯೊಂದು ವಯಸ್ಸಿಗೂ ತಕ್ಕ ತುತ್ತು ಆ ಹೊಲದಲ್ಲಿ ಇರಲೇಬೇಕು.

ಪೊರೆ ಕಳಚುವ ಹೊತ್ತು

ಹಾವಿನ ಮೈಯ ಹೊರಪದರವು ಮೈಯೊಡನೆ ಹಿಗ್ಗಿ ಬೆಳೆಯುವುದಿಲ್ಲ. ಆದುದರಿಂದ ಅದನ್ನು ಕಾಲಕಾಲಕ್ಕೆ ಕಳಚಬೇಕು. ಬೇಗಬೇಗ ಬೆಳೆಯುವ ಮರಿಯು ಕೆಲವು ವಾರಗಳಿಗೊಮ್ಮೆ ಪೊರೆ ಬಿಟ್ಟರೆ, ಬೆಳೆದ ಹಾವು ಕೆಲವು ತಿಂಗಳಿಗೊಮ್ಮೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಹಳೆಯ ಮತ್ತು ಹೊಸ ಪದರಗಳ ನಡುವೆ ದ್ರವವೊಂದು ಸೇರಿ, ಮೈಬಣ್ಣ ಮಂಕಾಗಿ, ಕಣ್ಣು ಹಾಲುನೀಲಿಯಾಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಮುಚ್ಚಿರುವ ಪಾರದರ್ಶಕ ಹುರುಪೆಯೂ ಪೊರೆಯೊಡನೆಯೇ ಹೋಗುತ್ತದೆ. ಆ ಕೆಲವು ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣಿಸದು. ಅದು ಊಟ ಬಿಟ್ಟು ಅಡಗಿರುತ್ತದೆ, ಕೆಣಕಿದರೆ ಬೇಗ ಸಿಡಿಮಿಡಿಗೊಳ್ಳುತ್ತದೆ.

ಗಾಳಿಯಲ್ಲಿ ತೇವವಿಲ್ಲದಿದ್ದರೆ ಪೊರೆ ಇಡಿಯಾಗಿ ಬಿಡದೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ. ಬಾಲದ ತುದಿಗೆ ಬಿಗಿಯಾಗಿ ಸುತ್ತಿಕೊಂಡ ಚೂರು ರಕ್ತದ ಓಟವನ್ನು ತಡೆದು ಆ ತುದಿಯೇ ಒಣಗಿ ಬೀಳುವುದುಂಟು. ಅದಕ್ಕಾಗಿಯೇ ಸಾಕುವವರು ಒದ್ದೆ ಪಾಚಿಯನ್ನು ತುಂಬಿದ ಗೂಡೊಂದನ್ನೂ, ಮೂತಿಯನ್ನು ಉಜ್ಜಿಕೊಳ್ಳಲು ಒರಟಾದ ಕಲ್ಲು ಕೊಂಬೆಗಳನ್ನೂ ಇಡುತ್ತಾರೆ. ನಮ್ಮ ಹೊಲದಲ್ಲಿ ಕಾಲುವೆಯ ದಂಡೆಯ ತೇವ, ಕಬ್ಬಿನ ಕಸಿವಿಸಿಯಾದ ಕೂಳೆ, ಬಾವಿಯ ಕಲ್ಲು ಇದೇ ಕೆಲಸವನ್ನು ಮಾಡುತ್ತವೆ. ಬದುವಿನ ಮೇಲೆ ಸಿಕ್ಕುವ ಪೊರೆಯನ್ನು ಎತ್ತಿ ನೋಡಿರಿ: ತಲೆಯಿಂದ ಬಾಲದವರೆಗೆ ಒಂದೇ ತುಂಡಾಗಿ, ಒಳಮೈ ಹೊರಗಾಗಿ ಮಗುಚಿದ್ದರೆ, ಆ ಹಾವು ಆರೋಗ್ಯವಾಗಿದೆಯೆಂದೂ ಅದರ ಮನೆಯಲ್ಲಿ ತೇವಕ್ಕೆ ಕೊರತೆಯಿಲ್ಲವೆಂದೂ ತಿಳಿಯಬಹುದು. ಪೊರೆಯು ಕಳಚುವಾಗ ಹಿಗ್ಗುವುದರಿಂದ ಹಾವಿನ ನಿಜವಾದ ಉದ್ದ ಅದಕ್ಕಿಂತ ಕಡಮೆಯಿರುತ್ತದೆಂಬುದನ್ನು ಮರೆಯಬಾರದು.

ಬೆಳೆದ ಕೇರೆ ಮತ್ತು ನಮ್ಮ ನಂಬಿಕೆಗಳು

ಜೋಳದ ಹಾವು ಬೇಟೆಗೆ ಸುತ್ತಿಕೊಂಡು ಬಿಗಿದು ಕೊಲ್ಲುತ್ತದೆ. ಕೇರೆಗೆ ಆ ವಿದ್ಯೆ ಬರದು; ಅದು ಬೇಟೆಯನ್ನು ಬಾಯಲ್ಲಿ ಹಿಡಿದು, ಮೈಯಿಂದ ನೆಲಕ್ಕೆ ಒತ್ತಿ, ಬಹುಬಾರಿ ಜೀವಂತವಾಗಿಯೇ ನುಂಗುತ್ತದೆ. ಮೂಲೆಗೆ ಸಿಕ್ಕಿಬಿದ್ದಾಗ ಕತ್ತನ್ನು ಉಬ್ಬಿಸಿ ಗುರುಗುಟ್ಟುವಂತೆ ಸದ್ದು ಮಾಡುತ್ತದೆ. ಹಿಡಿಯಹೋದರೆ ಕಚ್ಚುತ್ತದೆ, ಗಾಯವನ್ನು ತೊಳೆದು ಔಷಧಿ ಹಚ್ಚಬೇಕಾದರೂ ವಿಷದ ಭಯವಿಲ್ಲ.

ಎರಡು ಕೇರೆಗಳು ಮೈಗೆ ಮೈ ಹೊಸೆದು ಅರ್ಧ ಮೇಲೆದ್ದು ಆಡುವುದನ್ನು ಕೆಲವರು ನೋಡಿರುತ್ತಾರೆ. ಅದು ಮಿಲನವಲ್ಲ, ಎರಡು ಗಂಡುಗಳ ನಡುವಣ ಕುಸ್ತಿ. ಒಂದನ್ನೊಂದು ಕೆಳಕ್ಕೆ ಒತ್ತಲು ಹೋರಾಡಿ, ಸೋತದ್ದು ಜಾಗ ಬಿಟ್ಟು ಹೋಗುತ್ತದೆ. ಕೇರೆಯು ನಾಗರದ ಜೋಡಿಯೆಂಬುದೂ ಸುಳ್ಳು. ಅವೆರಡೂ ಬೇರೆ ಬೇರೆ ಕುಟುಂಬದವು, ಹಸಿದ ನಾಗರವು ಕೇರೆಯನ್ನು ತಿನ್ನುವುದೂ ಉಂಟು. ಕೇರೆಯ ಬಾಲದಲ್ಲಿ ವಿಷವಿಲ್ಲ. ಅದು ಆಕಳಿನ ಕೆಚ್ಚಲಿಗೆ ಬಾಯಿಟ್ಟು ಹಾಲು ಕುಡಿಯುತ್ತದೆಂಬುದೂ ಸಾಧ್ಯವಿಲ್ಲದ ಮಾತು: ಕೊಕ್ಕೆ ಹಲ್ಲಿನ ಬಾಯಿಗೆ ಹೀರುವ ತುಟಿಯೆಲ್ಲಿ? ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು, ಮರುದಿನ ಅದೇ ಬದುವಿನಲ್ಲಿ ಕಂಡ ನಿರಪರಾಧಿ ಕೇರೆಯನ್ನು ಬಡಿದು ಕೊಲ್ಲುವುದು ಪೂಜೆಗೂ ಒಪ್ಪದು, ಬುದ್ಧಿಗೂ ಒಪ್ಪದು.

ಗುರುತಿನ ಎಚ್ಚರ

ಕೇರೆ ಸಾಯುವುದು ಬಹುತೇಕ ನಾಗರವೆಂಬ ತಪ್ಪು ತಿಳಿವಳಿಕೆಯಿಂದ. ಕೇರೆಯ ಕಣ್ಣು ದೊಡ್ಡದು, ಪಾಪೆ ಗುಂಡನೆಯದು. ತುಟಿಯ ಹುರುಪೆಗಳ ಅಂಚಿನಲ್ಲಿ ಕಪ್ಪು ಗೀಟುಗಳಿರುತ್ತವೆ. ಕತ್ತು ತಲೆಗಿಂತ ಸಣ್ಣದಾಗಿ ಸ್ಪಷ್ಟವಾಗಿ ಕಾಣುತ್ತದೆ. ಮೈಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಕಪ್ಪು ಪಟ್ಟಿಗಳಿರುತ್ತವೆ. ಹೆಡೆ ಬಿಚ್ಚುವುದಿಲ್ಲ. ಆದರೂ ಹೆಡೆ ಬಿಚ್ಚದ ನಾಗರವನ್ನು ಕೇರೆಯೆಂದು ತಿಳಿದು ಮುಟ್ಟಹೋಗುವುದು ಕೇರೆಯನ್ನು ನಾಗರವೆಂದು ಕೊಲ್ಲುವುದಕ್ಕಿಂತಲೂ ಅಪಾಯಕರ. ಆದ್ದರಿಂದ ಈ ಗುರುತುಗಳು ದೂರದಿಂದ ನೋಡಿ ಬಡಿಗೆಯನ್ನು ಕೆಳಗಿಡುವುದಕ್ಕೇ ಹೊರತು, ಕೈಯಿಂದ ಹಿಡಿಯುವುದಕ್ಕಲ್ಲ.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ವಿಷದ ಹಾವುಗಳೇ ನಮ್ಮ ದೇಶದಲ್ಲಿ ಹೆಚ್ಚು ಸಾವುಗಳಿಗೆ ಕಾರಣ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಹಾವು ಕಚ್ಚಿ ಮೃತಪಟ್ಟರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇವರಲ್ಲಿ ಬಹುಪಾಲು ಹಳ್ಳಿಗರು. ಕರ್ನಾಟಕ ಸರಕಾರವು 2024ರಲ್ಲಿ ಹಾವುಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡತಕ್ಕ ಸಂಗತಿಯೆಂದು ಸಾರಿತು. ಯಾವ ಹಾವೆಂದು ತಿಳಿಯದ ಕಡಿತವಾದಾಗ ವಿಷದ ಹಾವೆಂದೇ ಭಾವಿಸಬೇಕು. ಗಾಯವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಉಂಗುರ ಬಳೆಗಳನ್ನು ತೆಗೆದು, ಮುರಿದ ಎಲುಬಿಗೆ ಮಾಡುವಂತೆ ದಬ್ಬೆ ಕಟ್ಟಿ ಅಂಗವನ್ನು ಅಲುಗದಂತಿಟ್ಟು, ಪ್ರತಿವಿಷವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು.

ಹೊಲದಲ್ಲಿ ಮಾಡತಕ್ಕ ಏರ್ಪಾಡು

ಒಂದು ಕಾಲದಲ್ಲಿ ಕೇರೆಯ ಶತ್ರು ರೈತನಿಗಿಂತ ಹೆಚ್ಚಾಗಿ ಚರ್ಮದ ವ್ಯಾಪಾರಿಯೇ ಆಗಿದ್ದನು. ಕೈಚೀಲ, ಪಾದರಕ್ಷೆಗಳಿಗಾಗಿ ನಮ್ಮ ದೇಶದಿಂದ ಲಕ್ಷಾಂತರ ಹಾವುಗಳ ಚರ್ಮ ಹೊರಕ್ಕೆ ಹೋಗುತ್ತಿತ್ತು. ಅದರಲ್ಲಿ ಕೇರೆಯ ಪಾಲು ದೊಡ್ಡದು. 1972ರ ಕಾಯಿದೆಯೂ, 1976ರಲ್ಲಿ ಹಾವಿನ ಚರ್ಮದ ರಫ್ತಿಗೆ ಬಿದ್ದ ನಿಷೇಧವೂ ಅದನ್ನು ತಡೆದವು. ಆ ವ್ಯಾಪಾರವನ್ನೇ ನಂಬಿದ್ದ ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ವಿಷದ ಹಾವುಗಳಿಂದ ವಿಷ ತೆಗೆದು ಅವನ್ನು ಮತ್ತೆ ಕಾಡಿಗೆ ಬಿಡುವ ಕಸುಬಿಗೆ ತಿರುಗಿದರು. ಪ್ರತಿವಿಷ ತಯಾರಾಗುವುದು ಆ ವಿಷದಿಂದಲೇ.

ಇಂದು ಕೇರೆಗೆ ಎರವಾಗುತ್ತಿರುವುದು ಅದರ ಮನೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುವ ರೂಢಿ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಉಂಟು. ಆ ಬೆಂಕಿಯಲ್ಲಿ ಕಪ್ಪೆ, ಓತಿಕೇತ, ಮರಿಹಾವುಗಳು ಒಟ್ಟಿಗೆ ಸುಡುತ್ತವೆ; ಇಲಿಯಾದರೋ ಆಳದ ಬಿಲದಲ್ಲಿ ಕುಳಿತು ಪಾರಾಗುತ್ತದೆ. ಶತ್ರುವನ್ನು ಉಳಿಸಿ ಮಿತ್ರನನ್ನು ಸುಡುವ ಬೆಂಕಿಯಿದು. ರವದಿಯನ್ನು ಸಾಲಿನ ನಡುವೆ ಹರಡಿ ಕೊಳೆಯಬಿಟ್ಟರೆ ಮಣ್ಣಿಗೆ ಗೊಬ್ಬರವೂ ಆಯಿತು, ತೇವವೂ ಉಳಿಯಿತು, ಕಪ್ಪೆಗೂ ಕೇರೆಗೂ ಆಸರೆಯೂ ಆಯಿತು.

ಎರಡನೆಯದಾಗಿ, ಬದುವನ್ನು ಪೂರ್ತಿಯಾಗಿ ಕೆತ್ತಿ ಉತ್ತುಬಿಡದೆ, ಮನೆಯಿಂದ ದೂರವಾದ ಒಂದೆರಡು ಬದುಗಳಲ್ಲಾದರೂ ಹುಲ್ಲನ್ನೂ ಕಲ್ಲುಗುಡ್ಡೆಯನ್ನೂ ಹುತ್ತವನ್ನೂ ಉಳಿಸಬೇಕು. ಮೂರನೆಯದಾಗಿ, ಕಾಲುವೆಗೆ ಕೀಟನಾಶಕದ ಡಬ್ಬಿಗಳನ್ನು ತೊಳೆಯಬಾರದು. ಕಪ್ಪೆಯ ತೊಗಲು ನೀರಿನೊಳಗಿನ ವಿಷವನ್ನು ಹೀರಿಕೊಳ್ಳುತ್ತದೆ, ಅದರ ಸಾವು ಕೇರೆಯ ಮರಿಯ ಉಪವಾಸ. ನಾಲ್ಕನೆಯದಾಗಿ, ಬೇಲಿಗೆ ಕಟ್ಟಿದ ನೈಲಾನ್ ಬಲೆಯಲ್ಲಿ ಹಾವುಗಳು ಸಿಕ್ಕಿ ಸಾಯುತ್ತವೆ. ಕೆಲಸ ಮುಗಿದ ಬಲೆಯನ್ನು ಸುತ್ತಿಡಬೇಕು.

ಮನೆಯ ಸುತ್ತಮುತ್ತಲಲ್ಲಾದರೋ ನಿಯಮ ತಿರುವುಮುರುವು. ಅಲ್ಲಿ ಕಲ್ಲುಗುಡ್ಡೆ, ಕಟ್ಟಿಗೆರಾಶಿ, ಚೆಲ್ಲಿದ ಕಾಳು ಇರಕೂಡದು. ಕೇರೆಗೆ ಹಿಡಿಸುವ ಸಂದಿ ನಾಗರಕ್ಕೂ ಕಟ್ಟುಹಾವಿಗೂ ಹಿಡಿಸುತ್ತದೆ. ಇಲಿಯ ವಾಸನೆ ಹಿಡಿದು ಬರುವ ಹಾವು ವಿಷವಿಲ್ಲದ್ದೇ ಆಗಿರಬೇಕೆಂಬ ನಿಯಮವಿಲ್ಲ. ರಾತ್ರಿ ನೀರು ಹಾಯಿಸಲು ಹೊಲಕ್ಕೆ ಹೋಗುವವರು ಬ್ಯಾಟರಿಯನ್ನೂ ಗಟ್ಟಿಯಾದ ಪಾದರಕ್ಷೆಯನ್ನೂ ಮರೆಯಬಾರದು. ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ, ಪಳಗಿದವರಿಂದ ಹಿಡಿಸಬೇಕು.

ಪೆಟ್ಟಿಗೆಯಲ್ಲಿ ಹಾವು ಸಾಕುವವನು ಶಾಖ, ನೆರಳು, ನೀರು, ತೇವ, ಅಡಗುತಾಣ, ವಯಸ್ಸಿಗೆ ತಕ್ಕ ತುತ್ತು ಎಂಬ ಆರು ವಸ್ತುಗಳನ್ನು ಹಣ ಕೊಟ್ಟು ಕೂಡಿಸಬೇಕು. ಒಂದು ತಪ್ಪಿದರೂ ಹಾವು ಉಳಿಯದು. ಹೊಲದ ಕೇರೆಗೂ ಇದೇ ಆರು ವಸ್ತುಗಳು ಬೇಕು. ಅವನ್ನು ನಾವು ಕೊಡಬೇಕಾಗಿಲ್ಲ, ಕಸಿದುಕೊಳ್ಳದಿದ್ದರೆ ಸಾಕು. ಈ ಸಲ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುವ ಮೊದಲು ಹೊಲದ ಅಂಚಿನ ಒಂದು ಬದುವಿನ ಬಳಿ ನಿಂತು, ಮರಿಗೆ ಬೇಕಾದ ಕಪ್ಪೆ, ಮೊಟ್ಟೆಗೆ ಬೇಕಾದ ತೇವ, ದೊಡ್ಡದಕ್ಕೆ ಬೇಕಾದ ಬಿಲ ಅಲ್ಲಿವೆಯೇ ಎಂದು ನೋಡುವುದು ಒಳ್ಳೆಯದು. ಅವಿದ್ದರೆ ಕೇರೆಯನ್ನು ಸಾಕುವ ಕೆಲಸದ ಬಹುಭಾಗ ಆಗಲೇ ನಡೆದಿದೆ ಎಂದು ತಿಳಿಯಬಹುದು.